ಬೆಂಗಳೂರಿನಲ್ಲಿದ್ದುಕೊಂಡು ಎಐ ಭದ್ರತೆಯ ಸಂಶೋಧನೆ: ಪ್ರಶ್ನೆ ಹುಡುಕುವುದರಿಂದ ಪೇಪರ್ ಕಳಿಸುವವರೆಗೆ

ಬೆಂಗಳೂರಿನ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ, ‘ಮಷೀನ್ ಲರ್ನಿಂಗ್ ಬಳಸಿ ಸೈಬರ್ ದಾಳಿ ಪತ್ತೆ’ ಎಂಬ ಪೋಸ್ಟರ್ ಒಂದಾದರೂ ಇದ್ದೇ ಇರುತ್ತದೆ. ನಿಖರತೆ ಶೇ 99 ಚಿಲ್ಲರೆ. ಹುಡುಗರು ಉತ್ಸಾಹದಿಂದ ವಿವರಿಸುತ್ತಾರೆ: ಡೇಟಾಸೆಟ್ ಇಳಿಸಿಕೊಂಡೆವು, ಐದಾರು ಅಲ್ಗಾರಿದಂ ಓಡಿಸಿದೆವು, ಯಾವುದು ಚೆನ್ನಾಗಿ ಬಂತೋ ಅದನ್ನೇ ಇಟ್ಟುಕೊಂಡೆವು. ‘ಇಂಥದ್ದೊಂದು ಮಾಡೆಲ್ ಕಾವಲಿಗಿದೆ ಅಂತ ಗೊತ್ತಾದ ಮೇಲೆ ಕಳ್ಳ ಏನು ಮಾಡ್ತಾನೆ?’ ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಕ್ಷೇತ್ರದ ಸಂಶೋಧನೆ. ಅದಿಲ್ಲದಿದ್ದರೆ ಮಾಡಿದ್ದು ಬರೀ ಪ್ರಾಜೆಕ್ಟ್ ವರ್ಕ್. ಎಂ.ಟೆಕ್, ಎಂಸಿಎ ಓದುತ್ತಿರುವವರು, ಪಿಎಚ್‌.ಡಿ.ಗೆ ಈಗಷ್ಟೇ ಸೇರಿದವರು, ಐಟಿ ಕೆಲಸದ ಜೊತೆಗೇ ಸಂಶೋಧನೆಗೆ ಕೈಹಾಕಬೇಕೆಂದಿರುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪೈಥಾನ್ ಬರುತ್ತದೆ, ಮಷೀನ್ ಲರ್ನಿಂಗ್‌ನ ಒಂದು ಕೋರ್ಸ್ ಮುಗಿದಿದೆ ಎಂದುಕೊಳ್ಳೋಣ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಕನ್ನಡದಲ್ಲಿ ಬರುವ ಮೋಸದ ಎಸ್‌ಎಂಎಸ್ ಹಿಡಿಯುವ ಮಾಡೆಲ್. ‘ಕರೆಂಟ್ ಬಿಲ್ ಬಾಕಿ ಇದೆ, ಇವತ್ತು ರಾತ್ರಿಯೇ ಕಟ್ ಆಗುತ್ತೆ, ಕೂಡಲೇ ಈ ನಂಬರಿಗೆ ಕಾಲ್ ಮಾಡಿ’ ಎಂಬಂಥವು. ವಿಷಯ ಸಣ್ಣದು ಅನಿಸಬಹುದು. ಒಳಗೆ ಹೊಕ್ಕರೆ ಎಷ್ಟು ಪದರಗಳಿವೆ ಎಂಬುದು ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ಯಾವ ದಿಕ್ಕು ಎಂದು ಮೊದಲು ತೀರ್ಮಾನಿಸಿ

ಸೈಬರ್ ಭದ್ರತೆ ಮತ್ತು ಎಐ ಎರಡೂ ಸೇರುವಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ. ಭದ್ರತೆಗಾಗಿ ಎಐ ಬಳಸುವುದು ಒಂದು: ಮಾಲ್‌ವೇರ್ ಪತ್ತೆ, ವಂಚನೆ ಪತ್ತೆ, ನೆಟ್‌ವರ್ಕ್‌ನಲ್ಲಿ ಅಸಹಜ ಓಡಾಟದ ಪತ್ತೆ. ಎಐಗೇ ಭದ್ರತೆ ಕೊಡುವುದು ಇನ್ನೊಂದು: ಮಾಡೆಲನ್ನು ಯಾರಾದರೂ ಯಾಮಾರಿಸಬಹುದೇ, ತರಬೇತಿಯ ಡೇಟಾಗೆ ವಿಷ ಬೆರೆಸಬಹುದೇ, ತರಬೇತಿಗೆ ಬಳಸಿದ ಖಾಸಗಿ ಮಾಹಿತಿಯನ್ನು ಮಾಡೆಲ್‌ನ ಬಾಯಿಂದಲೇ ಹೊರಡಿಸಬಹುದೇ. ಚಾಟ್‌ಬಾಟ್‌ಗಳು ಬಂದ ಮೇಲೆ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಸೇರಿಕೊಂಡಿದೆ. ಮಾಡೆಲ್ ಓದುವ ಇಮೇಲ್‌ನಲ್ಲೋ ವೆಬ್ ಪುಟದಲ್ಲೋ ಆಜ್ಞೆ ಅಡಗಿಸಿಟ್ಟು ಅದನ್ನು ದಾರಿ ತಪ್ಪಿಸುವ ವಿದ್ಯೆ ಅದು. ಭಾಷಾ ಮಾಡೆಲ್ ಆಧಾರಿತ ಆ್ಯಪ್‌ಗಳ ಅಪಾಯಗಳ ಬಗ್ಗೆ ಸಾಫ್ಟ್‌ವೇರ್ ಭದ್ರತೆಯ ಓವಾಸ್ಪ್ ಸಂಸ್ಥೆ ಮಾಡಿದ ಪಟ್ಟಿಯಲ್ಲಿ 2023ರಲ್ಲೂ 2025ರಲ್ಲೂ ಅದಕ್ಕೇ ಮೊದಲ ಸ್ಥಾನ.

‘ವಿಶ್ವಾಸಾರ್ಹ ಎಐ’ ಎಂಬುದು ಇವೆರಡಕ್ಕಿಂತ ದೊಡ್ಡ ಕೊಡೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2023ರ ಜನವರಿಯಲ್ಲಿ ಹೊರತಂದ ಎಐ ಅಪಾಯ ನಿರ್ವಹಣೆಯ ಚೌಕಟ್ಟು ಇದನ್ನು ಏಳು ಗುಣಗಳಾಗಿ ಬಿಡಿಸುತ್ತದೆ: ಹೇಳಿದ ಕೆಲಸ ಸರಿಯಾಗಿ ಮಾಡುವುದು, ಹಾನಿ ಮಾಡದಿರುವುದು, ದಾಳಿಗೆ ಜಗ್ಗದಿರುವುದು, ಹೊಣೆಗಾರಿಕೆ ಮತ್ತು ಪಾರದರ್ಶಕತೆ, ವಿವರಿಸಬಲ್ಲ ಗುಣ, ಖಾಸಗಿತನದ ರಕ್ಷಣೆ, ಪಕ್ಷಪಾತದ ಹತೋಟಿ. ಏಳನ್ನೂ ಒಂದೇ ಪ್ರಬಂಧದಲ್ಲಿ ಹಿಡಿಯುತ್ತೇನೆ ಎಂದು ಹೊರಟವರ ಸಿನಾಪ್ಸಿಸ್ ನೋಡಿದ್ದೇನೆ, ಮೂರು ವರ್ಷವಾದರೂ ಅದು ಸಿನಾಪ್ಸಿಸ್ ಆಗಿಯೇ ಉಳಿಯುತ್ತದೆ. ಒಂದು ಗುಣ ಹಿಡಿಯಿರಿ. ಎರಡು ಹಿಡಿಯುವುದಾದರೆ ಅವು ಒಂದನ್ನೊಂದು ಎಳೆದಾಡುವಂಥವಾಗಿರಲಿ. ನಮ್ಮ ಉದಾಹರಣೆಯಲ್ಲಿ ಅವು ‘ದಾಳಿಗೆ ಜಗ್ಗದಿರುವುದು’ ಮತ್ತು ‘ಪಕ್ಷಪಾತ’. ಇವೆರಡು ಯಾಕೆ ಜಗಳವಾಡುತ್ತವೆ ಎಂಬುದು ಎಂಟನೇ ಹೆಜ್ಜೆಯಲ್ಲಿದೆ.

ಹೆಜ್ಜೆ 2: ದಾಳಿಕೋರನನ್ನು ಕಾಗದದ ಮೇಲೆ ಬರೆಯಿರಿ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆ ಓದಲು ನಿಮಗೆ ಪುರುಸೊತ್ತಿದ್ದರೆ ಇದನ್ನೇ ಓದಿ. ಭದ್ರತೆಯವರು ಇದಕ್ಕೆ ಥ್ರೆಟ್ ಮಾಡೆಲ್ ಎನ್ನುತ್ತಾರೆ. ಕೋಡ್ ಮುಟ್ಟುವ ಮೊದಲು ಒಂದು ಪುಟದಲ್ಲಿ ನಾಲ್ಕು ವಿಷಯ ಬರೆಯಬೇಕು: ದಾಳಿಕೋರನಿಗೆ ಏನು ಬೇಕು, ಅವನಿಗೆ ಏನು ಗೊತ್ತು, ಅವನ ಕೈಲಿ ಏನು ಮಾಡಲು ಸಾಧ್ಯ, ಅದಕ್ಕೆ ಅವನಿಗೆ ತಗಲುವ ಖರ್ಚೆಷ್ಟು.

ನಮ್ಮ ಎಸ್‌ಎಂಎಸ್ ವಂಚಕನನ್ನೇ ನೋಡಿ. ಬೇಕಾಗಿರುವುದು ಸ್ಪಷ್ಟ: ಸಂದೇಶ ಫಿಲ್ಟರ್ ದಾಟಬೇಕು, ಓದಿದವರಿಗೆ ಅರ್ಥವಾಗಬೇಕು, ಹೆದರಿಕೆಯೋ ಆಸೆಯೋ ಹುಟ್ಟಬೇಕು. ಗೊತ್ತಿರುವುದು ಎಷ್ಟು? ಮಾಡೆಲ್‌ನ ಒಳಗೆ ಏನಿದೆ ಎಂದು ಗೊತ್ತಿಲ್ಲದಿರಬಹುದು. ಆದರೆ ಅದೇ ಆ್ಯಪ್ ಇರುವ ಇನ್ನೊಂದು ಫೋನ್‌ಗೆ ತಾನೇ ಕಳಿಸಿ ನೋಡಬಲ್ಲ, ಹಾಗಾಗಿ ‘ಸಿಕ್ಕಿಬಿತ್ತು’ ಅಥವಾ ‘ದಾಟಿತು’ ಎಂಬ ಉತ್ತರವಂತೂ ಅವನಿಗೆ ಸಿಗುತ್ತದೆ. ಸಾಮರ್ಥ್ಯ? ಪದ ಬದಲಿಸಬಲ್ಲ, ಅಕ್ಷರ ಬದಲಿಸಬಲ್ಲ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಲ್ಲ.

ಖರ್ಚಿನ ಲೆಕ್ಕ ಸ್ವಾರಸ್ಯದ್ದು. ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ ಯುನಿಕೋಡ್‌ಗೆ ತಿರುಗಿ ಮಿತಿ 70ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗುತ್ತದೆ, ತುಂಡಿಗೊಂದು ಲೆಕ್ಕ ಬೀಳುತ್ತದೆ. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆಗಳೆಲ್ಲ ಬೇರೆಬೇರೆ ಎಣಿಕೆ: ‘ಬ್ಯಾಂಕ್’ ಎಂಬ ಎರಡೇ ಅಕ್ಷರದ ಪದಕ್ಕೆ ಏಳು ಸಂಕೇತ ಬೇಕು. ಹಾಗಾದರೆ ನಮ್ಮ ದಾಳಿಕೋರನಿಗೆ ಆಟವಾಡಲು ಜಾಗ ಬಹಳ ಕಡಿಮೆ. ಕಣ್ಣಿಗೆ ಕಾಣದ ಚಿಹ್ನೆಗಳನ್ನು ಐವತ್ತು ಸಲ ತುರುಕುವ ದಾಳಿ ಪ್ರಯೋಗಾಲಯದಲ್ಲಿ ಸೊಗಸಾಗಿ ಗೆಲ್ಲಬಹುದು, ಎಸ್‌ಎಂಎಸ್‌ನಲ್ಲಿ ಅದು ದುಬಾರಿ. ವಾಟ್ಸ್‌ಆ್ಯಪ್ ಎಂದ ಕೂಡಲೇ ಲೆಕ್ಕ ಬೇರೆ. ನಿಮ್ಮ ಪ್ರಬಂಧ ಯಾವುದರ ಬಗ್ಗೆ ಎಂದು ಈ ಪುಟದಲ್ಲೇ ತೀರ್ಮಾನವಾಗಬೇಕು.

ಈ ಪುಟ ಬರೆದಾದ ಮೇಲೆ ಸಂಶೋಧನಾ ಪ್ರಶ್ನೆ ತಾನಾಗಿ ಮೂಡುತ್ತದೆ. ‘ಕನ್ನಡದಲ್ಲಿ ಎಸ್‌ಎಂಎಸ್ ವಂಚನೆ ಪತ್ತೆ’ ಎಂಬುದು ವಿಷಯವಷ್ಟೇ, ಪ್ರಶ್ನೆಯಲ್ಲ. ‘70 ಅಕ್ಷರದ ಮಿತಿಯೊಳಗೆ, ಓದುಗರಿಗೆ ಅರ್ಥ ಕೆಡದಂತೆ ಅಕ್ಷರ ಬದಲಿಸುವ ದಾಳಿಕೋರನ ಎದುರು ಕನ್ನಡ ವಂಚನೆ ಪತ್ತೆ ಮಾಡೆಲ್‌ಗಳು ಎಷ್ಟು ನಿಲ್ಲುತ್ತವೆ?’ ಎಂಬುದು ಪ್ರಶ್ನೆ. ಹೌದು, ಇಲ್ಲ, ಇಷ್ಟು ಎಂದು ಅಳೆದು ಹೇಳಬಹುದಾದದ್ದು.

ಹೆಜ್ಜೆ 3: ಓದುವುದು

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಕೊಡುವ ಕ್ರಮ ಇದು. ಮೊದಲು 2013ರ ಸೆಗೆಡಿ ಮತ್ತು ಸಂಗಡಿಗರ ಪ್ರಬಂಧ, ನಂತರ 2014ರ ಕೊನೆಗೆ ಬಂದ ಗುಡ್‌ಫೆಲೋ ಅವರದು. ಚಿತ್ರ ಗುರುತಿಸುವ ನ್ಯೂರಲ್ ನೆಟ್‌ವರ್ಕ್‌ಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯಿಂದ ಯಾಮಾರಿಸಬಹುದು ಎಂದು ತೋರಿಸಿದವು ಇವು. ಪಾಂಡಾದ ಚಿತ್ರವನ್ನು ಗಿಬ್ಬನ್ ಎಂದು ಶೇ 99.3ರಷ್ಟು ಖಾತ್ರಿಯಿಂದ ಹೇಳಿದ ಪ್ರಸಿದ್ಧ ಉದಾಹರಣೆ ಎರಡನೆಯದರಲ್ಲಿದೆ. ಆಮೇಲೆ 2018ರಲ್ಲಿ ಅಥಲ್ಯೆ, ಕಾರ್ಲಿನಿ, ವ್ಯಾಗ್ನರ್ ಬರೆದದ್ದು. ಆ ವರ್ಷದ ಐಸಿಎಲ್‌ಆರ್ ಸಮ್ಮೇಳನಕ್ಕೆ ಒಪ್ಪಿಗೆಯಾಗಿದ್ದ ಒಂಬತ್ತು ರಕ್ಷಣಾ ವಿಧಾನಗಳನ್ನು ಅವರು ಕೈಗೆತ್ತಿಕೊಂಡರು. ದಾಳಿಗೆ ದಾರಿ ತೋರುವ ಸುಳಿವನ್ನು (ಗ್ರೇಡಿಯೆಂಟ್) ಮಸುಕಾಗಿಸಿದರೆ ರಕ್ಷಣೆಯಾಯಿತು ಎಂಬ ಒಂದೇ ಬಗೆಯ ಭ್ರಮೆಯ ಮೇಲೆ ಏಳು ನಿಂತಿದ್ದವು. ಅವುಗಳಲ್ಲಿ ಆರನ್ನು ಪೂರ್ತಿ, ಒಂದನ್ನು ಅರೆಬರೆ ಮುರಿದರು. ‘ನನ್ನ ರಕ್ಷಣೆಯನ್ನು ಯಾರೂ ಮುರಿದಿಲ್ಲ’ ಎಂಬುದಕ್ಕೂ ‘ಯಾರೂ ಸರಿಯಾಗಿ ಪ್ರಯತ್ನಿಸಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸ ಇದನ್ನು ಓದಿದರೆ ಅರ್ಥವಾಗುತ್ತದೆ.

ಭದ್ರತೆಗೆ ಮಷೀನ್ ಲರ್ನಿಂಗ್ ಬಳಸುವವರಿಗೆ 2022ರ ಯೂಸ್‌ನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಬಂದ ಆರ್ಪ್ ಮತ್ತು ಸಂಗಡಿಗರ ಪ್ರಬಂಧ ಕಡ್ಡಾಯ. ಅತ್ಯುನ್ನತ ಸಮ್ಮೇಳನಗಳಲ್ಲಿ ಹತ್ತು ವರ್ಷಗಳಲ್ಲಿ ಪ್ರಕಟವಾದ 30 ಪ್ರಬಂಧಗಳನ್ನು ಜಾಲಾಡಿ, ಹತ್ತು ಬಗೆಯ ಸಾಮಾನ್ಯ ತಪ್ಪುಗಳನ್ನು ಪಟ್ಟಿ ಮಾಡಿದ್ದಾರೆ. ಪ್ರತಿಯೊಂದು ಪ್ರಬಂಧದಲ್ಲೂ ಕನಿಷ್ಠ ಮೂರು ಸಿಕ್ಕವು. ಘಟಾನುಘಟಿಗಳ ಕಥೆಯೇ ಹೀಗಾದರೆ ನಮ್ಮ ನಿಮ್ಮ ಪ್ರಾಜೆಕ್ಟ್ ಯಾವ ಲೆಕ್ಕ. ಇನ್ನು ಪಠ್ಯದ ಮೇಲಿನ ದಾಳಿಗೆ, ಕಾಣದ ಅಕ್ಷರ ಮತ್ತು ನೋಟಕ್ಕೆ ಒಂದೇ ಥರದ ಅಕ್ಷರಗಳ ಬಗ್ಗೆ ಬೌಚರ್ ಮತ್ತು ಸಂಗಡಿಗರು 2022ರಲ್ಲಿ ಬರೆದದ್ದು ನಮ್ಮ ಉದಾಹರಣೆಗೆ ನೇರ ಬುನಾದಿ.

ದುಡ್ಡು ಕೊಡಬೇಕಾಗಿಲ್ಲ. ಯೂಸ್‌ನಿಕ್ಸ್ ಮತ್ತು ಎನ್‌ಡಿಎಸ್‌ಎಸ್ ಎಂಬ ಭದ್ರತಾ ಸಮ್ಮೇಳನಗಳ ಪ್ರಬಂಧಗಳು ಎಲ್ಲರಿಗೂ ಉಚಿತ, ಕಂಪ್ಯೂಟರ್ ವಿಜ್ಞಾನಿಗಳ ಸಂಘ ಎಸಿಎಂ ತನ್ನ ಪ್ರಕಟಣೆಗಳನ್ನು 2026ರ ಜನವರಿಯಿಂದ ಮುಕ್ತಗೊಳಿಸಿದೆ, ಮಿಕ್ಕವುಗಳಲ್ಲಿ ಬಹುಪಾಲು ಆರ್ಕೈವ್ (arXiv) ತಾಣದಲ್ಲಿ ಸಿಗುತ್ತವೆ. ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರಲ್ಲಿ ಶುರುವಾಗಿದ್ದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನಲ್ಲಿರುವವರು ನಿಮ್ಮ ಗ್ರಂಥಪಾಲಕರನ್ನು ಕೇಳಿ ನೋಡಿ, ಕಾಲೇಜಿನ ಬೇರೆ ಚಂದಾ ಇರಬಹುದು.

ಓದುವಾಗ ಪ್ರತಿ ಪ್ರಬಂಧಕ್ಕೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ: ದಾಳಿಕೋರ ಯಾರು, ಯಾವುದರ ಮೇಲೆ ಅಳೆದರು, ಯಾವುದನ್ನು ಅಳೆಯದೆ ಬಿಟ್ಟರು. ಮೂರನೆಯ ಸಾಲುಗಳನ್ನೆಲ್ಲ ಕೊನೆಗೆ ಒಟ್ಟಿಗೆ ಓದಿ, ನಿಮ್ಮ ಮುಂದಿನ ಪ್ರಬಂಧ ಅಲ್ಲೇ ಇರುತ್ತದೆ.

ಹೆಜ್ಜೆ 4: ಕಾನೂನು ಮತ್ತು ಒಪ್ಪಿಗೆ, ಡೇಟಾ ಮುಟ್ಟುವ ಮೊದಲು

ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದು, ಡೇಟಾ ಇಳಿಸಿಕೊಳ್ಳುವುದು ತಪ್ಪು. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ‘ಸಂಶೋಧನೆಗಾಗಿ ಮಾಡಿದೆ’ ಎಂಬುದಕ್ಕೆ ಅಲ್ಲಿ ಪ್ರತ್ಯೇಕ ವಿನಾಯಿತಿ ಬರೆದಿಲ್ಲ. ಆದ್ದರಿಂದ ಯಾವುದೋ ಬ್ಯಾಂಕ್ ಆ್ಯಪ್‌ನ ಮೇಲೆ, ಯಾವುದೋ ಕಂಪನಿಯ ಚಾಟ್‌ಬಾಟ್‌ನ ಮೇಲೆ ‘ಸುಮ್ಮನೆ ಟ್ರೈ ಮಾಡಿದೆ’ ಎನ್ನುವುದು ಬೇಡ. ನಿಮ್ಮದೇ ಕಂಪ್ಯೂಟರಿನಲ್ಲಿ ಓಡುವ ಮುಕ್ತ ಮಾಡೆಲ್‌ಗಳ ಮೇಲೆ ದಾಳಿ ಮಾಡಿ. ಹೊರಗಿನ ಸೇವೆಯೇ ಬೇಕೆಂದರೆ, ದೋಷ ತೋರಿಸಿದವರಿಗೆ ಬಹುಮಾನ ಕೊಡುವ ಅದರ ಬಗ್ ಬೌಂಟಿ ನಿಯಮಗಳಲ್ಲಿ ನಿಮ್ಮ ಪ್ರಯೋಗಕ್ಕೆ ಅವಕಾಶ ಇದೆಯೇ ಎಂದು ಸಾಲುಸಾಲಾಗಿ ಓದಿ.

ಎಸ್‌ಎಂಎಸ್ ಎಂದರೆ ವೈಯಕ್ತಿಕ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಇದೆ, ಷರತ್ತಿನೊಂದಿಗೆ: ಆ ಮಾಹಿತಿ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳುವಂತಿಲ್ಲ, ಸರ್ಕಾರ ಗೊತ್ತುಪಡಿಸಿದ ಮಾನದಂಡ ಪಾಲಿಸಬೇಕು. ವಿನಾಯಿತಿ ಇದೆ ಎಂದು ಒಪ್ಪಿಗೆ ಪತ್ರ ಬಿಡಬೇಡಿ. ಸಂದೇಶ ಕೊಡುವವರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆದು ಸಹಿ ಹಾಕಿಸಿಕೊಳ್ಳಿ. ಕಾಲೇಜಿನ ನೈತಿಕ ಸಮಿತಿಯ ಮುಂದೆ ಪ್ರಸ್ತಾವನೆ ಇಡಿ. ಸಮಿತಿ ವೈದ್ಯಕೀಯಕ್ಕೆ ಮಾತ್ರ ಎಂದು ಯಾರಾದರೂ ಹೇಳಿದರೆ, ಕನಿಷ್ಠ ವಿಭಾಗದ ಮುಖ್ಯಸ್ಥರಿಂದಾದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯೂಸ್‌ನಿಕ್ಸ್ ಸೆಕ್ಯುರಿಟಿ 2025ರಿಂದ ಪ್ರತಿ ಪ್ರಬಂಧದಲ್ಲೂ ನೈತಿಕತೆಯ ಭಾಗ ಕೇಳುತ್ತಿದೆ, ಆಗ ಈ ಕಾಗದಗಳು ಕೈಹಿಡಿಯುತ್ತವೆ.

ಒಪ್ಪಿಗೆ ಇಲ್ಲದೆ ಪ್ರಯೋಗ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಿನೆಸೋಟಾ ವಿಶ್ವವಿದ್ಯಾಲಯದ ಪ್ರಸಂಗವಿದೆ. ಅಲ್ಲಿನ ಸಂಶೋಧಕರು ಲಿನಕ್ಸ್ ಕರ್ನಲ್‌ಗೆ ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಕಳಿಸಿ, ಪರಿಶೀಲಕರು ಹಿಡಿಯುತ್ತಾರೋ ಇಲ್ಲವೋ ಎಂದು ನೋಡಿದ್ದರು. 2021ರಲ್ಲಿ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೇ ಕರ್ನಲ್ ತಂಡ ನಿಷೇಧ ಹೇರಿತು, ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹೆಜ್ಜೆ 5: ಡೇಟಾ

ಸಿದ್ಧ ಡೇಟಾಸೆಟ್ ಇಳಿಸಿಕೊಂಡರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅದು ಎಲ್ಲಿಂದ ಬಂತು ಎಂದು ಕೇಳದೆ ಬಳಸಬೇಡಿ. ಎಸ್‌ಎಂಎಸ್ ಸ್ಪ್ಯಾಮ್ ಎಂದ ಕೂಡಲೇ ಎಲ್ಲರೂ ಬಳಸುವ ಯುಸಿಐ ಸಂಗ್ರಹದಲ್ಲಿ 5,574 ಸಂದೇಶಗಳಿವೆ, 747 ಸ್ಪ್ಯಾಮ್, ಉಳಿದ 4,827 ಸಾಚಾ. ಅದರ ವಿವರಣೆಯನ್ನು ಕೊನೆವರೆಗೆ ಓದಿ: ಸ್ಪ್ಯಾಮ್‌ಗಳಲ್ಲಿ 425 ಬ್ರಿಟನ್ನಿನ ದೂರು ತಾಣವೊಂದರಿಂದ ಬಂದವು. ಸಾಚಾ ಸಂದೇಶಗಳಲ್ಲಿ 3,375 ಸಿಂಗಪುರದ ವಿಶ್ವವಿದ್ಯಾಲಯ ಸಂಗ್ರಹಿಸಿದವು, ಹೆಚ್ಚಿನವು ಅಲ್ಲಿನ ವಿದ್ಯಾರ್ಥಿಗಳವು. ಅಂದರೆ ಸಿಂಗಪುರದ ಇಂಗ್ಲಿಷ್ ಯಾವುದು, ಬ್ರಿಟನ್ನಿನ ಇಂಗ್ಲಿಷ್ ಯಾವುದು ಎಂದು ಕಲಿತ ಮಾಡೆಲ್ ಕೂಡ ಇಲ್ಲಿ ಒಳ್ಳೆಯ ಅಂಕ ತೆಗೆದೀತು. ವಂಚನೆ ಏನೆಂದು ಅದಕ್ಕೆ ಗೊತ್ತಿರಬೇಕಾಗಿಲ್ಲ.

ನಾವೇ ಸಂಗ್ರಹಿಸಿದರೂ ಇದೇ ಗುಂಡಿ ಕಾದಿರುತ್ತದೆ. ಕಳಿಸಿದವರ ಹೆಸರನ್ನೇ ತೆಗೆದುಕೊಳ್ಳಿ. ಬ್ಯಾಂಕ್, ಸರ್ಕಾರಿ ಇಲಾಖೆಗಳ ಎಸ್‌ಎಂಎಸ್ ನಂಬರಿನ ಜಾಗದಲ್ಲಿ ಕಾಣುವ ನೋಂದಾಯಿತ ಹೆಸರಿನಿಂದ, ಅಂದರೆ ಹೆಡರ್‌ನಿಂದ ಬರುತ್ತದೆ, 2025ರಿಂದ ಟೆಲಿಕಾಂ ನಿಯಂತ್ರಕ ಟ್ರಾಯ್ ನಿರ್ದೇಶನದಂತೆ ಅದರ ಕೊನೆಗೆ ಪ್ರಚಾರ, ಸೇವೆ, ವಹಿವಾಟು, ಸರ್ಕಾರ ಎಂದು ಸೂಚಿಸುವ ಪಿ, ಎಸ್, ಟಿ, ಜಿ ಅಕ್ಷರವೂ ಇದೆ. ವಂಚಕರ ಸಂದೇಶ ಹೆಚ್ಚಾಗಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುತ್ತದೆ. ಈ ಹೆಡರನ್ನು ತರಬೇತಿಯ ಪಠ್ಯದೊಳಗೆ ಬಿಟ್ಟರೆ ಮಾಡೆಲ್ ಮೆಸೇಜ್ ಓದುವುದೇ ಇಲ್ಲ, ಹೆಡರ್ ನೋಡಿ ಪಾಸಾಗುತ್ತದೆ. ಅದು ಬೇಕಾದ ಸುಳಿವೇ ಇರಬಹುದು, ಆದರೆ ಅದಕ್ಕೆ ಎಐ ಬೇಡ, ಒಂದು ಸಾಲಿನ ನಿಯಮ ಸಾಕು. ಹೆಡರ್ ತೆಗೆದು ಒಮ್ಮೆ, ಇಟ್ಟು ಒಮ್ಮೆ ಓಡಿಸಿ, ಎರಡೂ ಫಲಿತಾಂಶ ಬರೆಯಿರಿ.

ಸಂಗ್ರಹಿಸುವಾಗ ಫೋನ್ ನಂಬರ್, ಖಾತೆ ಸಂಖ್ಯೆ, ಹೆಸರುಗಳ ಜಾಗದಲ್ಲಿ ಗುರುತಿನ ಪದ ಇಡಿ, ಈ ಕೆಲಸ ಸಂದೇಶ ಕೊಟ್ಟವರ ಫೋನಿನಲ್ಲೇ ಮುಗಿದರೆ ಇನ್ನೂ ಒಳ್ಳೆಯದು. ಒಬ್ಬರೇ ಕೂತು ‘ಇದು ಮೋಸ, ಇದು ಅಲ್ಲ’ ಎಂದು ಗುರುತು ಹಾಕಬೇಡಿ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಹಾಕಲಿ, ಹೊಂದಾಣಿಕೆಯನ್ನು ಕೊಹೆನ್ ಕಪ್ಪಾ ಎಂಬ ಅಳತೆಗೋಲಿನಲ್ಲಿ ಅಳೆಯಿರಿ. ಜಗಳ ಬರುವ ಸಂದೇಶಗಳೇ ಅತಿ ಬೆಲೆಯವು: ಚೀಟಿ ಕಂಪನಿಯ ಜಾಹೀರಾತು ಮೋಸವೇ, ಬರೀ ಕಿರಿಕಿರಿಯೇ? ಮಂಡ್ಯದ ಕಡೆಯ, ಕಲಬುರಗಿ ಕಡೆಯ, ಮಂಗಳೂರಿನ ಕಡೆಯ ಕನ್ನಡದ ಸಂದೇಶಗಳೂ ಇರಲಿ. ಇಲ್ಲವಾದರೆ ನಿಮ್ಮದು ಜಯನಗರದ ಕನ್ನಡದ ಮಾಡೆಲ್ ಆಗುತ್ತದೆ.

ತರಬೇತಿ ಮತ್ತು ಪರೀಕ್ಷೆಗೆ ಡೇಟಾ ಹಂಚುವಾಗ ಯದ್ವಾತದ್ವಾ ಕಲಸಬೇಡಿ, ದಿನಾಂಕದ ಮೇಲೆ ಕತ್ತರಿಸಿ. ಜೂನ್‌ವರೆಗಿನದರ ಮೇಲೆ ಕಲಿಸಿ, ಜುಲೈ ನಂತರದರ ಮೇಲೆ ಪರೀಕ್ಷಿಸಿ. ವಂಚಕರು ಕಥೆ ಬದಲಿಸುತ್ತಲೇ ಇರುತ್ತಾರೆ: ಮೊದಲು ಕೆವೈಸಿ, ಆಮೇಲೆ ಕರೆಂಟ್ ಬಿಲ್, ಆಮೇಲೆ ಟ್ರಾಫಿಕ್ ಚಲನ್. ಕಲಸಿ ಹಂಚಿದರೆ ನಾಳಿನ ಕಥೆಯನ್ನು ಇವತ್ತೇ ಕಲಿತ ಮಾಡೆಲನ್ನು ಪರೀಕ್ಷಿಸಿದಂತಾಗುತ್ತದೆ. ಒಂದೇ ಸಂದೇಶ ನಾಲ್ಕು ಜನರಿಗೆ ಬಂದಿದ್ದರೆ ಅದರ ನಕಲುಗಳೆಲ್ಲ ಒಂದೇ ಬದಿಯಲ್ಲಿರಲಿ.

ಹೆಜ್ಜೆ 6: ಮೊದಲು ಸರಳ ಮಾಡೆಲ್

ಅಕ್ಷರಗಳ ಜೋಡಿ ಎಣಿಸಿ ಲಾಜಿಸ್ಟಿಕ್ ರಿಗ್ರೆಷನ್ ಓಡಿಸಿ. ಲ್ಯಾಪ್‌ಟಾಪಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನಂತರ ಮುರಿಲ್ ಥರದ ಮಾಡೆಲ್: ಗೂಗಲ್‌ನ ಭಾರತದ ಸಂಶೋಧನಾ ತಂಡ ಮಾಡಿದ್ದು, ಕನ್ನಡ ಸೇರಿ 17 ಭಾಷೆಗಳಿವೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಭಾರತೀಯ ಭಾಷೆಗಳ ಮೇಲೂ ತರಬೇತಿ ಪಡೆದಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಬರ್ಟ್ ಇನ್ನೊಂದು.

ಇಲ್ಲೊಂದು ಎಚ್ಚರಿಕೆ. ಮಲ್ಟಿಲಿಂಗ್ವಲ್ ಬರ್ಟ್‌ನ ‘ಅನ್‌ಕೇಸ್ಡ್’ ಆವೃತ್ತಿ (ದೊಡ್ಡಕ್ಷರ, ಸಣ್ಣಕ್ಷರದ ಭೇದ ನೋಡದ್ದು) ಬಳಸುವವರು ಪಠ್ಯವನ್ನು ತುಂಡು ಮಾಡುವ ಟೋಕನೈಸರ್ ಏನು ಮಾಡುತ್ತಿದೆ ಎಂದು ಮುದ್ರಿಸಿ ನೋಡಿ. ಯುರೋಪಿನ ಭಾಷೆಗಳ ಅಕ್ಷರದ ಮೇಲಿನ ಗೀಟುಗಳನ್ನು ತೆಗೆಯಲು ಬರೆದ ನಿಯಮ ಅದರಲ್ಲಿದೆ. ಯುನಿಕೋಡ್‌ನಲ್ಲಿ ಕನ್ನಡದ ಇಕಾರ, ಎಕಾರ, ಔಕಾರ, ಅರ್ಧಾಕ್ಷರದ ಚಿಹ್ನೆಗಳೂ ಅದೇ ವರ್ಗಕ್ಕೆ ಸೇರಿರುವುದರಿಂದ ಅವೂ ಉದುರಿಹೋಗುತ್ತವೆ. ‘ಕೊಡಿ’ ಎಂದು ಕೊಟ್ಟರೆ ಒಳಗೆ ಹೋಗುವುದು ‘ಕೂಡ’. ‘ಬ್ಯಾಂಕ್’ ಎಂಬುದು ‘ಬಯಾಂಕ’ ಆಗುತ್ತದೆ. ದಾಳಿಕೋರ ಬರುವ ಮೊದಲೇ ಊರು ಕೊಳ್ಳೆ ಹೋಗಿದೆ.

ಹೆಜ್ಜೆ 7: ಅಳತೆ

ಶೇ 99ರ ಮಾತಿಗೆ ಬರೋಣ. ಒಂದು ಲಕ್ಷ ಸಂದೇಶಗಳಲ್ಲಿ 100 ಮಾತ್ರ ಮೋಸದವು ಎಂದಿಟ್ಟುಕೊಳ್ಳಿ. ನಿಮ್ಮ ಮಾಡೆಲ್ ಮೋಸದಲ್ಲಿ ಶೇ 99 ಹಿಡಿಯುತ್ತದೆ, ಸಾಚಾದಲ್ಲಿ ಶೇ 1ನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. 99 ಕಳ್ಳರು ಸಿಕ್ಕರು. ಜೊತೆಗೆ 99,900 ಸಾಚಾಗಳಲ್ಲಿ 999 ಕೂಡ ಸಿಕ್ಕಿಬಿದ್ದವು. ಎಚ್ಚರಿಕೆಯ ಗಂಟೆ ಹೊಡೆದ ಹನ್ನೊಂದು ಸಲದಲ್ಲಿ ಒಂದು ಸಲ ಮಾತ್ರ ನಿಜ. ಎರಡು ದಿನದಲ್ಲಿ ಜನ ಆ್ಯಪ್ ತೆಗೆದುಹಾಕುತ್ತಾರೆ. ಹಾಗಾಗಿ ಒಟ್ಟು ನಿಖರತೆ ಬಿಟ್ಟು, ಹಿಡಿದದ್ದರಲ್ಲಿ ನಿಜ ಎಷ್ಟು, ನಿಜವಿದ್ದದ್ದರಲ್ಲಿ ಹಿಡಿದದ್ದೆಷ್ಟು ಎಂಬ ಎರಡನ್ನೂ ಕೊಡಿ, ನಿಜಜೀವನದ ಪ್ರಮಾಣದಲ್ಲಿ ಲೆಕ್ಕ ಹಾಕಿ ಕೊಡಿ.

ಪರೀಕ್ಷೆಗೆ 500 ಸಂದೇಶವಿದ್ದರೆ ಶೇ 0.2 ಎಂದರೆ ಒಂದೇ ಸಂದೇಶ. ಅಷ್ಟರ ಅಂತರಕ್ಕೆ ‘ನಮ್ಮ ವಿಧಾನ ಮೇಲು’ ಎಂದು ಬರೆಯುವವರ ಮೇಲೆ ವಿಮರ್ಶಕರು ಹರಿಹಾಯುವುದು ನ್ಯಾಯವೇ. ಬೇರೆಬೇರೆ ಸೀಡ್‌ಗಳಲ್ಲಿ ಓಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಹೇಳಿ.

ಹೆಜ್ಜೆ 8: ಈಗ ದಾಳಿ, ಆಮೇಲೆ ರಕ್ಷಣೆ, ಮತ್ತೆ ದಾಳಿ

ಎರಡನೇ ಹೆಜ್ಜೆಯ ಪುಟ ತೆಗೆಯಿರಿ. ಈ ಎರಡು ಪದ ನೋಡಿ: ‘ಬ್ಯಾಂಕ್’, ‘ಬ್ಯಾ೦ಕ್’. ಕಣ್ಣಿಗೆ ಬಹುತೇಕ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ ಅಂಕಿ. ಓದುವವರಿಗೆ ವ್ಯತ್ಯಾಸವಿಲ್ಲ, ಮಾಡೆಲ್‌ಗೆ ಇದು ಎಂದೂ ನೋಡದ ಪದ. ಸಂದೇಶದ ಉದ್ದವೂ ಹೆಚ್ಚಲಿಲ್ಲ, ಅಂದರೆ ದಾಳಿಕೋರನಿಗೆ ಇದು ಪುಕ್ಕಟೆ.

ರಕ್ಷಣೆಗೆ ಎಲ್ಲರೂ ಮೊದಲು ಹೇಳುವುದು ಯುನಿಕೋಡ್ ನಾರ್ಮಲೈಸೇಷನ್. ಅದು ಒಂದು ತೊಂದರೆಯನ್ನು ನಿಜಕ್ಕೂ ಪರಿಹರಿಸುತ್ತದೆ: ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು, ನಾರ್ಮಲೈಸ್ ಮಾಡಿದರೆ ಎರಡೂ ಒಂದಾಗುತ್ತವೆ. ಆದರೆ ಸೊನ್ನೆ ಮತ್ತು ಅನುಸ್ವಾರವನ್ನು ಅದು ಒಂದು ಮಾಡುವುದಿಲ್ಲ, ಯುನಿಕೋಡ್ ದೃಷ್ಟಿಯಲ್ಲಿ ಒಂದು ಅಂಕಿ, ಇನ್ನೊಂದು ಚಿಹ್ನೆ. ನೀವೇ ನಿಯಮ ಬರೆಯಬೇಕು: ಕನ್ನಡ ಅಕ್ಷರದ ಬೆನ್ನಿಗೆ ಸೊನ್ನೆ ಬಂದರೆ ಅನುಸ್ವಾರವಾಗಿಸು, ಅಂಕಿಯ ಪಕ್ಕ ಬಂದರೆ ಬಿಡು.

ಹಾಗಾದರೆ ಇಂಥ ಅನುಮಾನದ ಅಕ್ಷರವಿರುವ ಸಂದೇಶವನ್ನೆಲ್ಲ ಮೋಸವೆಂದು ಹಿಡಿದರಾಯಿತಲ್ಲ? ಆಗಲೇ ಪಕ್ಷಪಾತದ ಪ್ರಶ್ನೆ ಬರುವುದು. ಅನುಸ್ವಾರದ ಬದಲು ಸೊನ್ನೆ ಟೈಪ್ ಮಾಡುವ ಅಮಾಯಕರು ನಮ್ಮಲ್ಲಿ ಧಾರಾಳವಾಗಿ ಸಿಗುತ್ತಾರೆ. ಇನ್ನೂ ದೊಡ್ಡದು ಕಾಣದ ಅಕ್ಷರಗಳದು. ‘ಬ್ಯಾಂಕ್‌ಗೆ’ ಎಂದು ಸರಿಯಾಗಿ ಮೂಡಬೇಕಾದರೆ ‘ಕ್’ ಮತ್ತು ‘ಗೆ’ ನಡುವೆ ಕಾಣದ ಒಂದು ಚಿಹ್ನೆ ಹಾಕಲೇಬೇಕು, ಇಲ್ಲದಿದ್ದರೆ ಅದು ‘ಬ್ಯಾಂಕ್ಗೆ’ ಎಂದು ಒತ್ತಾಗುತ್ತದೆ. ಇಂಗ್ಲಿಷ್‌ಗಾಗಿ ಮಾಡಿದ ರಕ್ಷಣಾ ಸಾಧನಕ್ಕೆ ಕಾಣದ ಚಿಹ್ನೆ ಎಂದರೆ ಕಳ್ಳತನದ ಗುರುತು. ಅದನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚಿದರೆ ಚೆನ್ನಾಗಿ ಕನ್ನಡ ಬರೆಯುವ ಪ್ರಾಮಾಣಿಕರೇ ಮೊದಲು ಸಿಕ್ಕಿಬೀಳುತ್ತಾರೆ. ದಾಳಿ ತಡೆಯುವ ಶಕ್ತಿ ಹೆಚ್ಚಿಸಿದಂತೆ ಯಾರಿಗೆ ತೊಂದರೆ ಹೆಚ್ಚುತ್ತದೆ ಎಂಬುದನ್ನು ಅಳೆದು ಒಂದು ಕೋಷ್ಟಕದಲ್ಲಿ ಕೊಡಿ. ನನ್ನನ್ನು ಕೇಳಿದರೆ ಇಡೀ ಪ್ರಬಂಧದ ಜೀವ ಆ ಕೋಷ್ಟಕ.

ರಕ್ಷಣೆ ಕಟ್ಟಿದ ಮೇಲೆ ಹಳೆಯ ದಾಳಿಯನ್ನೇ ಮತ್ತೆ ಓಡಿಸಿ ‘ತಡೆದೆವು’ ಎಂದರೆ ಸಾಲದು. ನಿಮ್ಮ ನಿಯಮ ಗೊತ್ತಿರುವ ದಾಳಿಕೋರನಾಗಿ ಮತ್ತೆ ಕೂರಬೇಕು. ಸೊನ್ನೆಯ ದಾರಿ ಮುಚ್ಚಿದರೆ ಅವನು ತೆಲುಗು ಲಿಪಿಯ ಹೋಲುವ ಅಕ್ಷರಕ್ಕೆ ಹೋಗುತ್ತಾನೆ, ಅದೂ ಮುಚ್ಚಿದರೆ ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಹೋಗುತ್ತಾನೆ, ಅಲ್ಲಿ ಒಂದೇ ಪದಕ್ಕೆ ಹತ್ತು ಕಾಗುಣಿತ, ಜೊತೆಗೆ 160 ಅಕ್ಷರದ ಜಾಗ. ಸಾಧ್ಯವಾದರೆ ಈ ಎರಡನೇ ಸುತ್ತಿನ ದಾಳಿಯನ್ನು ರಕ್ಷಣೆ ಬರೆಯದ ಗೆಳೆಯರ ಕೈಲಿ ಮಾಡಿಸಿ. ತನ್ನ ಕೂಸನ್ನು ತಾನೇ ಹೊಡೆಯಲು ಯಾರಿಗೂ ಕೈ ಬರುವುದಿಲ್ಲ. ಬದಲಿಸಿದ ಸಂದೇಶ ಜನರಿಗೆ ಇನ್ನೂ ಅರ್ಥವಾಗುತ್ತದೆಯೇ ಎಂದು ಕೆಲವರಿಗೆ ಓದಿಸಿ ಕೇಳುವುದನ್ನೂ ಬಿಡಬೇಡಿ.

ಹೆಜ್ಜೆ 9: ಊರನ್ನು ಬಳಸಿಕೊಳ್ಳಿ

ಬೆಂಗಳೂರಿನಲ್ಲಿರುವುದರ ಲಾಭ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಸೈನ್ಸ್ ವಿಭಾಗದ ಸೆಮಿನಾರ್‌ಗಳ ಪ್ರಕಟಣೆ ಅವರ ಜಾಲತಾಣದಲ್ಲಿ ಬರುತ್ತದೆ, ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಸೈಸೆಕ್‌ಗೂ ಆ ಸಂಸ್ಥೆಯೇ ಆಧಾರ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬಿಗೆ ಹಳದಿ ಮೆಟ್ರೊ ಬಂದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಆಯಸ್ಸು ಕಳೆಯಬೇಕಾಗಿಲ್ಲ. ನಲ್ ಎಂಬ ಮುಕ್ತ ಭದ್ರತಾ ಸಮುದಾಯದ ಬೆಂಗಳೂರು ಸಭೆಗಳಲ್ಲಿ ಪ್ರಾಧ್ಯಾಪಕರಿಗಿಂತ ದಿನನಿತ್ಯ ದಾಳಿ ನೋಡುವ ಕೆಲಸಗಾರರು ಹೆಚ್ಚು, ನಿಮ್ಮ ಥ್ರೆಟ್ ಮಾಡೆಲ್ ಪುಟವನ್ನು ಅಲ್ಲಿ ಒಬ್ಬರಿಗೆ ತೋರಿಸಿ.

ಕೆಲಸದಲ್ಲಿರುವವರಿಗೆ ವಿಜ್ಞಾನ ಸಂಸ್ಥೆಯ ಬಾಹ್ಯ ನೋಂದಣಿ ಪಿಎಚ್‌.ಡಿ., ವಿಟಿಯು ಸಂಶೋಧನಾ ಕೇಂದ್ರಗಳ ಅರೆಕಾಲಿಕ ಪಿಎಚ್‌.ಡಿ. ದಾರಿಗಳಿವೆ. ಗೈಡ್ ಹುಡುಕುವಾಗ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ ರೆಸ್ಯೂಮೆ ಅಂಟಿಸಿದ ಮೇಲ್ ನೂರು ಜನರಿಗೆ ಕಳಿಸಬೇಡಿ. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ಅಳೆಯದೆ ಬಿಟ್ಟ ಒಂದು ವಿಷಯ ಹೆಸರಿಸಿ, ನೀವು ಅದನ್ನು ಸಣ್ಣದಾಗಿ ಪ್ರಯತ್ನಿಸಿ ಕಂಡದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಜಿಪಿಯುಗೆ ಮೊದಮೊದಲು ಕೊಲ್ಯಾಬ್ ಸಾಕು. ಎಸ್.ಪಿ. ರಸ್ತೆಯಲ್ಲಿ ಹಳೆಯ ಕಾರ್ಡ್ ಕೊಳ್ಳುವ ಮನಸ್ಸಾದರೆ ಅಂಗಡಿಯಲ್ಲೇ ಅರ್ಧ ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿ ನೋಡಿ, ಬಿಸಿಯಾದ ಮೇಲೇ ಅದರ ಬಣ್ಣ ಬಯಲಾಗುವುದು.

ಹೆಜ್ಜೆ 10: ಬರೆಯುವುದು, ಕಳಿಸುವುದು, ಬಿಡುಗಡೆ ಮಾಡುವುದು

ಥ್ರೆಟ್ ಮಾಡೆಲ್ ಎರಡನೇ ಪುಟದೊಳಗೆ ಬರಲಿ. ಮಿತಿಗಳ ಭಾಗವನ್ನು ನೀವೇ ಗಟ್ಟಿಯಾಗಿ ಬರೆಯಿರಿ, ಇಲ್ಲವಾದರೆ ವಿಮರ್ಶಕರು ಬರೆದುಕೊಡುತ್ತಾರೆ. ಭದ್ರತೆಯ ನಾಲ್ಕು ದೊಡ್ಡ ಸಮ್ಮೇಳನಗಳು ಐಇಇಇ ಎಸ್ ಆ್ಯಂಡ್ ಪಿ, ಯೂಸ್‌ನಿಕ್ಸ್ ಸೆಕ್ಯುರಿಟಿ, ಎಸಿಎಂ ಸಿಸಿಎಸ್, ಎನ್‌ಡಿಎಸ್‌ಎಸ್. ಮೊದಲ ಪ್ರಬಂಧಕ್ಕೆ ಸಿಸಿಎಸ್ ಜೊತೆಗೆ ನಡೆಯುವ ಎಐಸೆಕ್ ಕಾರ್ಯಾಗಾರ, 2023ರಲ್ಲಿ ಶುರುವಾದ ಸ್ಯಾಟ್‌ಎಂಎಲ್, ಭಾರತದಲ್ಲೇ ನಡೆಯುವ ಐಸಿಐಎಸ್‌ಎಸ್ ಹೆಚ್ಚು ಹದವಾದ ಜಾಗಗಳು. ಇಷ್ಟು ಸಾವಿರ ಕಟ್ಟಿದರೆ ಒಂದು ವಾರದಲ್ಲಿ ಪ್ರಕಟ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಜರ್ನಲ್‌ಗಳ ಕಡೆ ತಲೆ ಹಾಕಬೇಡಿ. ಯುಜಿಸಿ ಒಪ್ಪಿತ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ, ಹಾಗಾಗಿ ಜರ್ನಲ್ ಸಾಚಾನೋ ಅಲ್ಲವೋ ಎಂದು ನೋಡುವ ಹೊಣೆ ಈಗ ನಿಮ್ಮ ಮತ್ತು ನಿಮ್ಮ ಸಂಸ್ಥೆಯ ಮೇಲಿದೆ.

ಸಂಶೋಧನೆಯ ನಡುವೆ ಬಳಕೆಯಲ್ಲಿರುವ ಆ್ಯಪ್‌ನಲ್ಲೇ ದೋಷ ಕಂಡರೆ ಪ್ರಬಂಧಕ್ಕಿಂತ ಮೊದಲು ತಯಾರಕರಿಗೆ ಬರೆಯಿರಿ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಇದೆ, ದೋಷಗಳಿಗೆ ಜಗತ್ತಿನೆಲ್ಲೆಡೆ ಬಳಸುವ ಗುರುತಾದ ಸಿವಿಇ ಸಂಖ್ಯೆ ಕೊಡುವ ಅಧಿಕಾರವೂ ಅದಕ್ಕಿದೆ. ಡೇಟಾ ಸಂಗ್ರಹಿಸುವಾಗ ಯಾರಾದರೂ ‘ನಾನು ಈಗಾಗಲೇ ದುಡ್ಡು ಕಳಕೊಂಡೆ’ ಎಂದರೆ ಫಾರ್ಮ್ ಬದಿಗಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೋಡ್ ಬಿಡುಗಡೆ ಮಾಡಿ, ಬೇರೆಯವರು ಓಡಿಸಿದರೂ ಅದೇ ಅಂಕಿ ಬರುವಂತೆ ಲೈಬ್ರರಿಗಳ ಆವೃತ್ತಿ, ಸೀಡ್ ಎಲ್ಲ ಬರೆದಿಡಿ. ಡೇಟಾದ ವಿಷಯ ಬೇರೆ. ಹೆಸರು, ನಂಬರ್ ತೆಗೆದ ಸಂದೇಶಗಳನ್ನೂ ನೇರ ಗಿಟ್‌ಹಬ್‌ಗೆ ಏರಿಸದೆ, ಸಂಸ್ಥೆಯ ಇಮೇಲ್‌ನಿಂದ ಕೇಳಿದವರಿಗೆ ಬಳಕೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಕೊಡುವುದು ವಾಡಿಕೆ. ದಾಳಿಯ ಸಾಧನವನ್ನು ಬಿಡುವುದೋ ಬೇಡವೋ ಎಂಬುದಕ್ಕೆ ನಾನು ಇಟ್ಟುಕೊಂಡ ಗೆರೆ ಇಷ್ಟು: ವಿಧಾನದ ವಿವರಣೆ ಮತ್ತು ರಕ್ಷಣೆಯ ಕೋಡ್ ಪೂರ್ತಿ ಕೊಡಿ, ಒಂದು ಬಟನ್ ಒತ್ತಿದರೆ ಫಿಲ್ಟರ್ ದಾಟುವ ಸಂದೇಶ ತಯಾರಿಸಿಕೊಡುವ ಸ್ಕ್ರಿಪ್ಟನ್ನು ಮಾತ್ರ ವಿಮರ್ಶಕರಿಗೆ ತೋರಿಸಿ, ಹೊರಗೆ ಬಿಡಬೇಡಿ.